ಮಷೀನಿಗೂ ಗೊತ್ತಾದ ‘ಸ್ವಲ್ಪ’

ಬನಶಂಕರಿಯ ಅಡ್ಡರಸ್ತೆಯಲ್ಲಿ ಹಾಲಿನ ಬೂತ್ ಈಗಷ್ಟೇ ತೆರೆದಿದೆ. ಪಕ್ಕದ ಎಂಬ್ರಾಯ್ಡರಿ ಅಂಗಡಿಯಲ್ಲಿ ಪದ್ಮಶ್ರೀ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಾರೆ. ಈ ಬೆಳಗ್ಗೆ ಅವರಿಗಿರುವುದು ಒಂದೇ ಕೆಲಸ: ಬಾಯಿ ಮುಚ್ಚಿಕೊಂಡಿರುವುದು.

“ಏನಮ್ಮ, ಮೌನವ್ರತಾನಾ?” ಅಂಗಡಿಯ ಒಡತಿ ರುದ್ರಮ್ಮ ಕಂಪ್ಯೂಟರ್ ಮುಂದೆ ಕೂತು ಛೇಡಿಸುತ್ತಾರೆ. ಪದ್ಮಶ್ರೀ ತಲೆ ಮಾತ್ರ ಆಡಿಸುತ್ತಾರೆ.

ಚಿಕ್ಕಲಸಂದ್ರದ ಪದ್ಮಶ್ರೀ ಜೆ.ಪಿ. ನಗರದ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಅವರ ಕಂಪನಿ ಎಂಬ್ರಾಯ್ಡರಿ ಮಷೀನಿಗೆಂದೇ ಒಂದು ಕಿರುಭಾಷೆ ಮಾಡಿದೆ. ‘ನವಿಲು, ಬಲತೋಳು’ ಎಂದು ಬರೆದರೆ ಸೂಜಿ ನವಿಲನ್ನೇ ಹೊಲಿಯುತ್ತದೆ. ಆದರೆ ಮೊದಲು ದಾರ, ಬಟ್ಟೆ, ವೇಗ, ಬಿಗಿ ಎಲ್ಲ ತಿಳಿಸುವ ಕಾನ್ಫಿಗ್ ಫೈಲ್ ತುಂಬಬೇಕು. ಅದೋ ಪುಟಗಟ್ಟಲೆ! ಒಂದು ಕಾಮಾ ಬಿಟ್ಟರೂ ಮಷೀನ್ ಮುನಿಸಿಕೊಳ್ಳುತ್ತದೆ, ಫೋನ್ ಪದ್ಮಶ್ರೀಗೆ ಬರುತ್ತದೆ. “ನಾನು ಊಟಕ್ಕೆ ಕೂತಾಗ್ಲೇ ಎಲ್ರ ಕಾಮಾನೂ ಕಳೆದುಹೋಗೋದು,” ಎಂದು ನಿನ್ನೆ ನಕ್ಕಿದ್ದರು.

ಆ ಫೈಲನ್ನು ಸರಳಗೊಳಿಸುವ ಕೆಲಸ ಅವರೇ ಕೇಳಿ ಪಡೆದದ್ದು. ಅಂಗಡಿ ಅಂಗಡಿಯಲ್ಲಿ ಕೂತು, ಯಾವ ಸಾಲನ್ನು ಯಾರೂ ಬದಲಿಸುವುದಿಲ್ಲ ಎಂದು ನೋಡಿ, ಅವನ್ನೆಲ್ಲ ಕಾಣದಂತೆ ಪ್ರೋಗ್ರಾಮಿನ ಒಳಕ್ಕೆ ತಳ್ಳಿದರು. “ಯಾರೂ ಮುಟ್ಟದ ಸಾಲು ಕಣ್ಣಿಗ್ಯಾಕೆ ಬೀಳ್ಬೇಕು ಹೇಳಿ?” ಎಂಬುದು ಅವರ ವಾದ.

ಹೋದ ತಿಂಗಳು ಹೊಸ ಫೈಲಿನ ಮೊದಲ ಪರೀಕ್ಷೆಯಲ್ಲೇ ಎಡವಟ್ಟಾಯಿತು. ‘ಬಿಗಿ’ ಎಂದಿದ್ದ ಕಡೆ ಅಂಕಿ ಹಾಕುವ ಬದಲು ರುದ್ರಮ್ಮ ‘ಸ್ವಲ್ಪ’ ಎಂದು ಬರೆದರು. ಮಷೀನ್ ನಿಂತಿತು. ಸಹೋದ್ಯೋಗಿ ಮಯೂರ್‌ಗೆ ನಗು. “ಕಂಪ್ಯೂಟರ್‌ಗೆ ‘ಸ್ವಲ್ಪ’ ಎಲ್ಲಿ ಗೊತ್ತಾಗತ್ತೆ ಗುರು?”

“ಗೊತ್ತು ಮಾಡಿಸ್ತೀನಿ ಇರು,” ಎಂದ ಪದ್ಮಶ್ರೀ, ರುದ್ರಮ್ಮ ‘ಸ್ವಲ್ಪ’ ಎನ್ನುತ್ತಾ ದಾರ ಬಿಗಿಸುವ ತಿರುಪನ್ನು ಎಷ್ಟು ತಿರುಗಿಸುತ್ತಾರೆಂದು ನೋಡಿಕೊಂಡು, ಅಷ್ಟನ್ನೇ ಆ ಪದದ ಅರ್ಥವಾಗಿ ಸೇರಿಸಿದರು.

ಇವತ್ತು ಕೊನೆಯ ಪರೀಕ್ಷೆ. ಕಂಪನಿಯ ಮಾಲೀಕ ಜಯಸಿಂಹ ಅವರದು ಒಂದೇ ಷರತ್ತು: ಪದ್ಮಶ್ರೀ ತುಟಿ ಬಿಚ್ಚದೆ ರುದ್ರಮ್ಮ ಒಬ್ಬರೇ ಗೆದ್ದರೆ ಹೊಸ ಫೈಲ್ ಎಲ್ಲ ಅಂಗಡಿಗೂ. ಇಲ್ಲದಿದ್ದರೆ ಹಳೆಯದೇ ಗತಿ. ಮಷೀನಿನಲ್ಲಿರುವುದು ಹುಳಿಮಾವಿನ ಮದುಮಗಳ ರೇಷ್ಮೆ ರವಿಕೆ.

ರುದ್ರಮ್ಮ ಒಂದೊಂದೇ ಬೆರಳಲ್ಲಿ ಕುಟ್ಟುತ್ತಾರೆ. ದಾರ: ಜರಿ. ಬಟ್ಟೆ: ರೇಷ್ಮೆ. ಬಿಗಿ: ಸ್ವಲ್ಪ. ಕೊನೆಗೆ ‘ನವಿಲು, ಬಲತೋಳು’. ಬಟನ್ ಒತ್ತುತ್ತಾರೆ. ಸದ್ದೇ ಇಲ್ಲ. ಪದ್ಮಶ್ರೀ ತುಟಿ ಕಚ್ಚಿಕೊಳ್ಳುತ್ತಾರೆ.

ಟಕ್. ಟಕಟಕಟಕ... ತೋಳಿನ ಮೇಲೆ ನವಿಲಿನ ಕೊರಳು ಏಳುತ್ತದೆ, ಒಂದು ಸುಕ್ಕೂ ಇಲ್ಲದೆ.

“ಇಷ್ಟೇನಾ?” ರುದ್ರಮ್ಮನಿಗೆ ಅಚ್ಚರಿ. “ಇದಕ್ಕೆ ಇಷ್ಟು ದಿನ ತಗೊಂಡ್ಯಾ ಪದ್ಮಾ?”

ವ್ರತ ಮುರಿದ ಪದ್ಮಶ್ರೀ ಜೋರಾಗಿ ನಗುತ್ತಾರೆ: “ನೀವು ‘ಇಷ್ಟೇನಾ’ ಅನ್ಲಿ ಅಂತಾನೇ ಆಂಟಿ ಇಷ್ಟು ದಿನ ತಗೊಂಡಿದ್ದು!”