ಅಪ್ಪ. ಸುರುಳಿ. ಬೇಗ ಬಾ.

ಮೊನ್ನೆ ಅಮಾವಾಸ್ಯೆಯ ಬೆಳಿಗ್ಗೆ, ತಮಿಳು ಸೀಮೆಯ ಹನುಮಂತನಪಟ್ಟಿಯ ನಮ್ಮ ದ್ರಾಕ್ಷಿ ಶೆಡ್ಡಿನಲ್ಲಿ, ಒಂದು ವೈನ್ ಬಾಟಲಿಯನ್ನು ನಡುವೆ ಇಟ್ಟುಕೊಂಡು ನಾನೂ ದ್ರಾಕ್ಷಿ ಕೊಳ್ಳಲು ಬಂದವರೊಬ್ಬರೂ ಕೂತಿದ್ದೆವು.

ನಮ್ಮ ಪನ್ನೀರ್ ಜಾತಿಯ ದ್ರಾಕ್ಷಿಯಿಂದಲೇ ಮಾಡಿದ್ದಂತೆ. ರುಚಿ ನೋಡಿ, ಆಮೇಲೆ ರೇಟ್ ಮಾತಾಡೋಣ ಅಂದರು ಅವರು. ಬಿರಡೆ ಎಳೆಯುವ ಕಾರ್ಕ್‌ಸ್ಕ್ರೂ ಮಾತ್ರ ಮರೆತು ಬಂದಿದ್ದರು.

ನಮ್ಮ ಮನೆಯಲ್ಲಿ ಒಂದಿತ್ತು. ಎಕ್ಸಿಬಿಷನ್‌ನಲ್ಲಿ ಚಾಕು ಸೆಟ್ ಜೊತೆ ಫ್ರೀ ಬಂದದ್ದು. ಫ್ರೀ ಅಂದರೆ ನಾನು ಬಿಡುವವನಲ್ಲ.

ದ್ರಾಕ್ಷಿ ಬಳ್ಳಿ ತಂತಿಗೆ ಸುತ್ತಿಕೊಳ್ಳುವ ಕುಡಿಗೆ ನಾವು ಸುರುಳಿ ಅನ್ನುತ್ತೇವೆ. ಇದೂ ಹಾಗೇ ಕಾಣುತ್ತದೆ, ಆದ್ದರಿಂದ ಮನೆಯಲ್ಲಿ ಇದಕ್ಕೂ ಅದೇ ಹೆಸರು. ಅಪ್ಪ ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು, ಮೊಣಕಾಲಿನ ಎಣ್ಣೆ ಬಾಟಲಿಗೆ ತುರುಕಿದ ಬಟ್ಟೆಯನ್ನು ಅದರಿಂದಲೇ ಎಳೆಯುತ್ತಾರೆ.

ಹೆಂಡತಿಗೆ ಮೆಸೇಜ್ ಹಾಕಿದೆ. ಬಾಯಲ್ಲಿ ನಾನು ಧಾರಾಳಿ, ಟೈಪಿಂಗಿನಲ್ಲಿ ಜಿಪುಣ. ಅಕ್ಷರಕ್ಕೆ ಕಾಸಿಲ್ಲ, ಆದರೂ ಉಳಿಸುವ ಚಟ.

"ಅಪ್ಪ. ಸುರುಳಿ. ಬೇಗ ಬಾ."

ಅಪ್ಪನ ಹತ್ತಿರ ಸುರುಳಿ ಇದೆ, ಇಸ್ಕೊಂಡು ಬೇಗ ಬಾ ಅಂತ ಅರ್ಥ. ಫೋನ್ ಸೈಲೆಂಟ್ ಮಾಡಿ ಮಾತಿಗೆ ಕೂತೆ.

ಎಷ್ಟು ಹೊತ್ತಾದರೂ ಹೆಂಡತಿಯ ಸುಳಿವಿಲ್ಲ. ಫೋನ್ ತೆಗೆದು ನೋಡಿದರೆ, ಆಂಡಿಪಟ್ಟಿಯ ಅಕ್ಕನಿಂದ ಸಾಲು ಸಾಲು ಮಿಸ್ಡ್ ಕಾಲ್.

ಮೆಸೇಜ್ ಹೋಗಿದ್ದು ಅಕ್ಕನಿಗೆ... ಅಪ್ಪನನ್ನು ಇವತ್ತು ಸುರುಳಿಗೆ ಬಿಡಬೇಡ ಅಂತ ಬೆಳಿಗ್ಗೆ ಅವಳೇ ಬರೆದಿದ್ದಳು. ಅದಕ್ಕೇ ಅವಳ ಚಾಟ್ ಎಲ್ಲಕ್ಕಿಂತ ಮೇಲಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಂಬಂ ಆಚೆ ಸುರುಳಿ ಅಂತ ಒಂದು ಜಲಪಾತ ಇದೆ. ಅಮಾವಾಸ್ಯೆಗೆ ಜನ ಅಲ್ಲಿ ಮಿಂದು, ಹಿರಿಯರಿಗೆ ಎಳ್ಳುನೀರು ಬಿಡುತ್ತಾರೆ.

ಅಮ್ಮ ಹೋದ ಮೇಲೆ ಅಪ್ಪ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವರಲ್ಲ. ಈಗಷ್ಟೇ ಎದೆನೋವಿಗೆ ತೋರಿಸಿಕೊಂಡು ಆಸ್ಪತ್ರೆಯಿಂದ ಬಂದಿದ್ದರಿಂದ, ಈ ಸಲ ಬೇಡ ಅಂತ ನಾವೇ ತಡೆದಿದ್ದೆವು.

ಆ ನಾಲ್ಕು ಪದವನ್ನು ಅಕ್ಕ ಹೇಗೆ ಓದಿರಬಹುದು, ನೀವೇ ಕೂಡಿಸಿ ನೋಡಿ.

ಅವಳ ಫೋನ್ ಸ್ವಿಚ್ ಆಫ್. ಭಾವನಿಗೆ ಮಾಡಿದೆ. ಅಳುತ್ತಾ ಸುರುಳಿ ಬಸ್ ಹತ್ತಿ ಹೋದಳು, ನಾನೂ ಹಿಂದಿನ ಬಸ್ಸಿನಲ್ಲಿದ್ದೇನೆ ಅಂದರು. ಅಕ್ಕನ ಹಾರ್ಟಿನಲ್ಲಿ ಸ್ಟೆಂಟ್ ಇದೆ.

ಬಾಟಲಿ, ರೇಟು, ಬಂದವರು ಎಲ್ಲ ಶೆಡ್ಡಿನಲ್ಲೇ ಬಿಟ್ಟು ಬೈಕ್ ಹತ್ತಿದೆ.

ಉತ್ತಮಪಾಳಯಂ ದಾಟುತ್ತಾ, ಮುಂದೆ ಹೋಗುವ ಒಂದೊಂದು ಬಸ್ಸಿನ ಕಿಟಕಿಯನ್ನೂ ನೋಡುತ್ತಿದ್ದೇನೆ. ಸೀಟಿನಲ್ಲೇ ಕುಸಿದಿದ್ದರೆ? ಪಕ್ಕದವರು ನಿದ್ದೆ ಅಂದುಕೊಂಡಿದ್ದರೆ...

ಸುರುಳಿಯಲ್ಲಿ ತಲೆಗೆ ತಲೆ ತಾಗುವ ಜನ. ಎಲ್ಲರೂ ಒದ್ದೆ, ಎಲ್ಲರೂ ಅಕ್ಕನ ವಯಸ್ಸಿನವರಂತೆಯೇ ಕಾಣುತ್ತಾರೆ.

ಆಗ ಮೈಕಿನಲ್ಲಿ ಅಪ್ಪನ ಹೆಸರು ಕೇಳಿತು. ಹನುಮಂತನಪಟ್ಟಿಯ ಇಂಥವರು ಎಲ್ಲಿದ್ದರೂ ಬರಬೇಕು, ಮಗಳು ಕಾಯುತ್ತಿದ್ದಾರೆ ಅಂತ, ತಮಿಳಿನಲ್ಲಿ.

ಅಪ್ಪ ಮನೆಯಲ್ಲಿ ಮಲಗಿದ್ದಾರೆ ಅಂತ ಗೊತ್ತಿದ್ದ ನಾನೇ ಒಮ್ಮೆ ನೀರಿನ ಕಡೆ ತಿರುಗಿ ನೋಡಿದೆ.

ಮೈಕಿನ ಹತ್ತಿರ ಅಕ್ಕ ನಿಂತಿದ್ದಳು. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ.

"ಅಪ್ಪ ಎಲ್ಲಿಡಾ ತಂಬಿ? ನೀರೊಳಗಾ?"

ಹೇಳಿದ್ದೊಂದೂ ಅವಳ ಕಿವಿಗೆ ಹೋಗಲಿಲ್ಲ. ಮನೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟೆ. ಅಷ್ಟರಲ್ಲಿ ಭಾವನ ಫೋನಿನಿಂದ ವಿಷಯ ಮನೆಗೂ ಮುಟ್ಟಿತ್ತು.

"ಏನ್ ತಾಯಿ," ಅಂದರು ಅಪ್ಪ. "ನನ್ನ ಬೇಡಾಂದುಟ್ಟು, ನೀನು ಮಾತ್ರ ಸುರುಳಿಗೆ ಹೋಗ್ಬುಟ್ಟಿಯಾ?"

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ನನ್ನ ಮಣಿಕಟ್ಟು ಹಿಡಿದವಳು, ಭಾವ ಬಂದು ಸೇರುವವರೆಗೆ ಬಿಡಲಿಲ್ಲ.

ಕಾರ್ಕ್‌ಸ್ಕ್ರೂ ಕಥೆಯನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿದೆ. ಪೂರ್ತಿ ಕೇಳಿ, ಅವಳು ಕೇಳಿದ್ದು ಒಂದೇ: "ಆ ಸಾಮಾನಿಗೆ ಇಡೋಕೆ ನಿಮಗೆ ಬೇರೆ ಪೇರೇ ಸಿಕ್ಕಲಿಲ್ವಾಡಾ?"

ಅಂದಿನಿಂದ ಬೇರೆ ಹೆಸರು ಹುಡುಕುತ್ತಿದ್ದೇನೆ, ಫ್ರೀ ಸಿಕ್ಕರೆ ಬಿಡುವವನಲ್ಲ. ನಿಮ್ಮ ಮನೆಯಲ್ಲಿ ಅದಕ್ಕೆ ಏನಂತೀರಿ?