ಅಳೆಯದೆ ಬರೆದ ನೀರು

ಪ್ರೆಸ್ಸಿನಿಂದ ಆಗಷ್ಟೇ ಬಂದ ಪುಸ್ತಕದ ವಾಸನೆ ನನಗೆ ಇಷ್ಟ. ಈಚೆಗೆ ಒಂದು ಸೋಮವಾರ ನನ್ನ ಮೇಜಿನ ಮೇಲೆ ಅಂಥದೊಂದು ಕಟ್ಟು ಕುಳಿತಿತ್ತು. ನಾನು ಹೊಸಪೇಟೆಯ ಹೊರವಲಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು, ಓದಿದ್ದೂ ಅಲ್ಲೇ. ಎರಡನೆಯ ವರ್ಷದ ಸಿವಿಲ್ ವಿದ್ಯಾರ್ಥಿಗಳಿಗೆ ಫ್ಲೂಯಿಡ್ ಮೆಕ್ಯಾನಿಕ್ಸನ್ನು, ಅಂದರೆ ನೀರು ಗಾಳಿಗಳು ಹೇಗೆ ಹರಿಯುತ್ತವೆ ಎಂಬ ಶಾಸ್ತ್ರವನ್ನು, ಮೊದಲ ಸಲ ಪರಿಚಯ ಮಾಡಿಕೊಡುವ ಕೆಲಸ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ. ಕಟ್ಟಿನಲ್ಲಿದ್ದದ್ದು ಆ ವಿಷಯದ ಹೊಸ ಲ್ಯಾಬ್ ಪುಸ್ತಕ. ಮೂಗಿಗೆ ಹಿಡಿದು ವಾಸನೆ ನೋಡಿ, ಸಂತೋಷದಿಂದಲೇ ಪುಟ ತಿರುವಿದೆ. ಮೂರನೆಯ ಪ್ರಯೋಗಕ್ಕೆ ಬರುವಷ್ಟರಲ್ಲಿ ಮೈ ಉರಿಯತೊಡಗಿತ್ತು.

ಪ್ರಯೋಗ ಸರಳವಾದದ್ದು. ನೀರು ತುಂಬಿದ ತೊಟ್ಟಿಯ ಗೋಡೆಯಲ್ಲಿ ಒಂದು ದುಂಡನೆಯ ಸಣ್ಣ ತೂತು; ಅದಕ್ಕೆ ಓರಿಫೈಸ್ ಎನ್ನುತ್ತೇವೆ. ಅದರಿಂದ ಚಿಮ್ಮುವ ನೀರನ್ನು ಇನ್ನೊಂದು ತೊಟ್ಟಿಯಲ್ಲಿ ಹಿಡಿದು, ಇಷ್ಟು ಎತ್ತರ ಏರಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆಯಬೇಕು. ಲೆಕ್ಕದ ಪ್ರಕಾರ ನೂರು ಪಾಲು ನೀರು ಬರಬೇಕಾದಲ್ಲಿ ನಿಜಕ್ಕೂ ಬರುವುದು ಅರವತ್ತೆರಡು ಪಾಲಿನ ಆಸುಪಾಸು, ಏಕೆಂದರೆ ತೂತಿನಿಂದ ಹೊರಬೀಳುವಾಗ ನೀರು ತನ್ನ ಮೈಯನ್ನು ಸಣ್ಣಗೆ ಮಾಡಿಕೊಳ್ಳುತ್ತದೆ. ಪಠ್ಯಪುಸ್ತಕಗಳಲ್ಲಿ ಇದು ಪಾಯಿಂಟ್ ಆರು ಎರಡು. ಈ ಹೊಸ ಲ್ಯಾಬ್ ಪುಸ್ತಕದಲ್ಲಿ, ವಿದ್ಯಾರ್ಥಿ ಅಳೆದು ತುಂಬಬೇಕಾದ ಕೋಷ್ಟಕವನ್ನು ಮೊದಲೇ ತುಂಬಿ ಅಚ್ಚು ಹಾಕಿಸಿದ್ದರು. ಎತ್ತರ, ಸೆಕೆಂಡು, ಉತ್ತರ, ಎಲ್ಲ. ಖಾಲಿ ಉಳಿದದ್ದು ಎರಡೇ ಜಾಗ: ವಿದ್ಯಾರ್ಥಿಯ ಸಹಿಗೊಂದು, ನನ್ನ ಸಹಿಗೊಂದು.

ಪುಸ್ತಕ ಹಿಡಿದುಕೊಂಡು ವಿಭಾಗದ ಮುಖ್ಯಸ್ಥರ ಕೋಣೆಗೆ ನುಗ್ಗಿದೆ.

“ಇದೇನ್ರಿ ಸರ್, ಹುಡುಗ್ರು ಮಾಡೋದು ಏನು ಉಳೀತು?”

“ಕುಂದ್ರಿ ಮೊದ್ಲ,” ಅಂದರು. “ಒಬ್ಬ ಆರು ಒಂದು ಬರೀತಾನ, ಇನ್ನೊಬ್ಬ ಆರು ಮೂರು ಬರೀತಾನ. ತಪಾಸಣಿಗೆ ಬಂದೋರಿಗೆ ಭಾಳ ಅಸಹ್ಯ ಕಾಣ್ತೈತಿ. ಇನ್ಮ್ಯಾಲೆ ಎಲ್ಲಾರದೂ ಒಂದ ನಂಬರು.”

“ಮತ್ತ ನೀರು?”

“ನೀರು ಬಿಡ್ರಿ, ಬ್ಯಾಡ ಅಂದೋರ್ಯಾರು? ನಂಬರ್ ಮಾತ್ರ ಇದು.”

ಇದು ಯಾವ ಊರಿನಲ್ಲಿ ನಡೆಯುತ್ತಿದೆ, ನೀವೇ ಸ್ವಲ್ಪ ಯೋಚಿಸಿ. ನಮ್ಮ ವಿದ್ಯಾರ್ಥಿಗಳು ಹತ್ತುವ ಬಸ್ಸು ಟಿ.ಬಿ. ಡ್ಯಾಂನಿಂದ ಹೊರಡುತ್ತದೆ. ಹಂಪಿಯ ಬಾಳೆತೋಟಗಳಿಗೆ ಅರಸರ ಕಾಲದ ಕಾಲುವೆಗಳು ಇವತ್ತಿಗೂ ನೀರು ತರುತ್ತಿವೆ. ಆ ಇಳಿಜಾರನ್ನು ಲೆಕ್ಕ ಹಾಕಿದವರು ಯಾರಿಂದಲೂ ನಕಲು ಮಾಡಿರಲಾರರು, ನಕಲು ಮಾಡಿದ್ದರೆ ನೀರು ತೋಟದವರೆಗೆ ಬರುತ್ತಲೇ ಇರಲಿಲ್ಲ. ಕಂಪ್ಲಿಯ ಕಡೆಯ ಹುಡುಗರಿಗೆ ಗದ್ದೆಯ ಮಡೆಯನ್ನು, ಅಂದರೆ ಬದುವಿನಲ್ಲಿ ನೀರು ಬಿಡುವ ಕಿಂಡಿಯನ್ನು, ಕಾಲಿನಿಂದ ಎಷ್ಟು ಕೆದರಿದರೆ ಎಷ್ಟು ನೀರು ನುಗ್ಗುತ್ತದೆಂದು ಗೊತ್ತು. ಅಂಥವರನ್ನು ತಂದು ಕತ್ತಲೆ ಕೋಣೆಯಲ್ಲಿ ಕೂರಿಸಿ, ಯಾವುದೋ ಪರದೇಶದ ಜಲಪಾತದ ಚಿತ್ರ ತೋರಿಸಿ, “ಇದು ಫ್ಲೂಯಿಡ್” ಎನ್ನುತ್ತೇವೆ. ಎನ್ನುತ್ತೇವೆ ಅಂದೆನಲ್ಲ, ನಾನೂ ಎಂದಿದ್ದೇನೆ. ಆ ಜಲಪಾತ ನನ್ನ ಸ್ಲೈಡಿನಲ್ಲೇ ಇದೆ.

ಸಿಟ್ಟಿನಲ್ಲಿ ಪ್ರಾಂಶುಪಾಲರಿಗೆ ಪತ್ರ ಬರೆಯಲು ಕೂತೆ. ಇಂಥ ಪತ್ರಕ್ಕೆ ಒಂದು ಉದಾಹರಣೆ ಬೇಕು. ನನ್ನ ಬಳಿ ಒಂದಿತ್ತು. ಸ್ಟಾಫ್ ರೂಮಿನಲ್ಲಿ ಹತ್ತಾರು ಸಲ ಹೇಳಿ ಮೆಚ್ಚುಗೆ ಗಳಿಸಿದ್ದೆ. ಅದು ಗಿರಿಜಾಳ ಕಥೆ.

ಗಿರಿಜಾ ನನ್ನ ಸಹಪಾಠಿ, ಕಂಪ್ಲಿಯ ಭತ್ತ ಬೆಳೆಯುವ ಮನೆಯವಳು. ನಾವು ಎರಡನೆಯ ವರ್ಷದಲ್ಲಿದ್ದಾಗ ಲ್ಯಾಬಿನ ಉಸ್ತುವಾರಿ ಬಸಣ್ಣ ಎಂಬುವವರದು. ಮೊದಲ ದಿನವೇ ಅವರು ನಮಗೆ ಶಾಸ್ತ್ರದ ಪರಿಚಯ ಮಾಡಿಸಿದ್ದು ಹೀಗೆ: “ಸುಮ್ಮ ಸುಮ್ಮನ ಮೋಟರ್ ಹಚ್ಚಬ್ಯಾಡ್ರಿ, ಸುಟ್ಟಗಿಟ್ಟೀತು. ಸೀನಿಯರ್ ರೆಕಾರ್ಡ್ ಅಲ್ಲಿ ಕಪಾಟಿನಾಗ ಅದಾವ, ತಗೋರಿ.” ನಾವು ತೆಗೆದುಕೊಂಡೆವು. ಅದೂ ಬರೀ ನಕಲಲ್ಲ, ಒಂದು ಕುಶಲ ಕಲೆ. ಪಾಯಿಂಟ್ ಆರು ಎರಡರಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋಗಿ ಸೆಕೆಂಡುಗಳನ್ನು ಕಂಡುಹಿಡಿಯಬೇಕು. ಅನುಮಾನ ಬಾರದಂತೆ ಒಂದನ್ನು ಆರು ಒಂದಕ್ಕೆ ಇಳಿಸಿ, ಇನ್ನೊಂದನ್ನು ಆರು ಮೂರಕ್ಕೆ ಏರಿಸಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಾನು ತಯಾರಿಸಿದ ತಪ್ಪುಗಳು ನಿಜವಾದ ತಪ್ಪುಗಳಿಗಿಂತ ಸಹಜವಾಗಿರುತ್ತಿದ್ದವು. ಹುಡುಗರು ಸಾಲುಗಟ್ಟಿ ನನ್ನಿಂದ ಬರೆಸಿಕೊಂಡು ಹೋಗುತ್ತಿದ್ದರು.

ಗಿರಿಜಾ ಮಾತ್ರ ಮೋಟರ್ ಹಚ್ಚಿದಳು. ಅವಳಿಗೆ ಬಂದದ್ದು ಐದು ಏಳು, ಆಮೇಲೆ ಐದು ನಾಲ್ಕು, ಆಮೇಲೆ ಬರೀ ಐದು. ನಾವು ನಕ್ಕೆವು. ಅವಳು ನಗದೆ ಆ ಮೂರು ಸಂಖ್ಯೆಗಳನ್ನು ನೋಡುತ್ತಾ ನಿಂತಳು. ಚಿಮ್ಮುವ ನೀರಿನ ರಭಸ ಕಡಿಮೆ ಮಾಡಿದಷ್ಟೂ ತೊಟ್ಟಿ ತುಂಬಲು ಹೊತ್ತು ಹಿಡಿಯುತ್ತಿತ್ತು. ಹೊತ್ತು ಹಿಡಿದಷ್ಟೂ ಉತ್ತರ ಇಳಿಯುತ್ತಿತ್ತು.

“ಲೇ, ಇದು ನಮ್ಮ ಗದ್ದಿ ಬದುವಿನಾಗ ಏಡಿ ತೂತು ಕೊರದಂಗ ಐತಿ,” ಅಂದಳು. “ಎಲ್ಲೋ ಕದ್ದು ಸೋರ್ತೈತಿ.”

ಗದ್ದೆಯಲ್ಲಾದರೆ ಬದುವಿನ ಮೇಲೆ ನಡೆದು ಹುಡುಕುತ್ತಾರಂತೆ. ಇಲ್ಲಿ ಅವಳು ನೆಲದ ಮೇಲೆ ಬೋರಲು ಮಲಗಿ, ಅಳೆಯುವ ತೊಟ್ಟಿಯ ಕೆಳಗಿನ ಕೊಳವೆಗೆ ಕೈ ಹಾಕಿದಳು. ತೊಟ್ಟಿ ಖಾಲಿ ಮಾಡುವ ವಾಲ್ವ್ ಸರಿಯಾಗಿ ಮುಚ್ಚುತ್ತಿರಲಿಲ್ಲ. ಸೋರಿದ ನೀರು ಕೊಳವೆಯೊಳಗೇ ಇಳಿದು ನೆಲದಡಿಯ ಸಂಪ್ ತೊಟ್ಟಿಗೆ ಹೋಗುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. “ನೀನೂ ಮುಟ್ಟಿ ನೋಡು,” ಅಂದಳು. ಮುಟ್ಟಿದೆ. ಬೆರಳಿಗೆ ತಣ್ಣಗಿನ ಒಂದು ಎಳೆ ತಾಗಿತು.

ಎಷ್ಟು ತಂಡಗಳು ಆ ತೊಟ್ಟಿಯ ಮುಂದೆ ನಿಂತು ಪಾಯಿಂಟ್ ಆರು ಎರಡು ಬರೆದು ಪಾಸಾಗಿದ್ದವೋ! ಒಬ್ಬರಾದರೂ ಅಳೆದಿದ್ದರೆ ಸೋರಿಕೆ ಸಿಕ್ಕುತ್ತಿತ್ತು. ಬಸಣ್ಣನವರಿಗೆ ಹೇಳಿದರೆ, “ಸೋರಿದ್ರ ಸೋರ್ಲಿ ಬಿಡವಾ. ಪರೀಕ್ಷಾದಾಗ ಆರು ಎರಡು ಬರಿ, ಮುಗೀತು,” ಅಂದರು.

“ಬರಿಯೋದ ಆದ್ರ ನೀರ್ಯಾಕ ಬಿಡ್ಬೇಕ್ರಿ?” ಅಂದಳು ಗಿರಿಜಾ.

ಪರೀಕ್ಷೆಯಲ್ಲಿ ಅವಳಿಗೆ ಅದೇ ಪ್ರಯೋಗ ಬಂತು. ಅವಳ ನಂತರ ಅದೇ ತೊಟ್ಟಿ ನನಗೆ. ಹೊರಗಿನಿಂದ ಬಂದ ಪರೀಕ್ಷಕರು ಅವಳ ಹಾಳೆ ನೋಡಿ, “ಏನಮ್ಮಾ, ಐದು ನಾಲ್ಕಾ? ಪುಸ್ತಕ ಬಿಚ್ಚಿಲ್ವಾ?” ಅಂದರು.

“ವಾಲ್ವ್ ಸೋರ್ತೈತ್ರಿ ಸರ್. ಕೈ ಹಾಕಿ ನೋಡ್ರಿ.”

“ಇಷ್ಟು ವರ್ಷ ಯಾರಿಗೂ ಸೋರದ್ದು ನಿನಗೊಬ್ಬಳಿಗೇ ಸೋರ್ತಾ?”

ಅವರು ಕೈ ಹಾಕಲಿಲ್ಲ. ಕೆಂಪು ಶಾಯಿಯಲ್ಲಿ ಹಾಳೆಗೆ ಅಡ್ಡಗೆರೆ ಎಳೆದರು. ಅವಳು ಫೇಲಾದಳು. ಮನೆಯವರು ಸಾಕು ಅಂದರಂತೆ. ಮತ್ತೆ ಕಾಲೇಜಿಗೆ ಬರಲಿಲ್ಲ. ಕಾಲುವೆ ಆಫೀಸಿನಲ್ಲಿ ಇಂಜಿನಿಯರ್ ಆಗಬೇಕೆಂದಿದ್ದವಳು ಅವಳು. ಇಡೀ ಕಾಲೇಜಿನಲ್ಲಿ ನೀರನ್ನು ಅಳೆದವಳು ಒಬ್ಬಳೇ, ನೀರಿನ ವಿಷಯದಲ್ಲಿ ಫೇಲಾದವಳೂ ಅವಳೇ. ಇದನ್ನು ಬರೆಯುವಾಗ ಈಗಲೂ ಪೆನ್ನು ಕಾಗದವನ್ನು ಹರಿಯುತ್ತದೆ.

ಕಥೆಯಲ್ಲಿ ನನ್ನ ಪಾತ್ರವೂ ಇತ್ತು. ನಾನು ಮುಂದೆ ಬಂದು, “ಆಕಿ ಹೇಳಿದ್ದು ಖರೆ ಸರ್, ನಾನೂ ಮುಟ್ಟಿ ನೋಡೀನಿ” ಎಂದೆ. ಪರೀಕ್ಷಕರು ಗದರಿಸಿ ಕೂರಿಸಿದರು. ಸ್ಟಾಫ್ ರೂಮಿಗೆ ಈ ಭಾಗ ಬಹಳ ಹಿಡಿಸುತ್ತಿತ್ತು. ಪತ್ರದಲ್ಲಿ ಆ ವಾಕ್ಯ ಬರೆದು ಓದಿದೆ. ಅನುಮಾನ ನನ್ನ ಹಳೆಯ ಚಟ. ಊಟದ ತಟ್ಟೆಯಿಂದ ಹಿಡಿದು ದೇವರವರೆಗೆ ಏನನ್ನೂ ಬಿಟ್ಟಿಲ್ಲ. ಆದರೆ ಈ ವಾಕ್ಯವನ್ನು ಇದುವರೆಗೆ ತೂಗಿಯೇ ಇರಲಿಲ್ಲ. ಪರೀಕ್ಷಕರು ಗದರಿಸಿದ್ದು ಯಾವ ಮಾತಿನಲ್ಲಿ? ನೆನಪಿಲ್ಲ. ನಾನು ಕೂತದ್ದು ಎಲ್ಲಿ? ಆ ಲ್ಯಾಬಿನಲ್ಲಿ ಕೂರಲು ಒಂದು ಸ್ಟೂಲೂ ಇರಲಿಲ್ಲ. ಅಳೆಯದೆ ಬರೆಯಬಾರದು ಎಂದು ಬರೆಯಹೊರಟವನು ನಾನು.

ಗಿರಿಜಾ ಈಗ ಕಂಪ್ಲಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ನಡೆಸುತ್ತಾಳೆ. ಅಲ್ಲಿಂದ ಬರುವ ವಿದ್ಯಾರ್ಥಿಯೊಬ್ಬನಿಂದ ನಂಬರು ಪಡೆದು ಫೋನ್ ಮಾಡಿದೆ. ಹಿಂದೆ ಯಾವುದೋ ಮೋಟರು ಕಿರುಚುತ್ತಿತ್ತು. ಪರಿಚಯ ಹೇಳಿ, ಪರೀಕ್ಷೆಯ ದಿನ ನಾನು ಏನಾದರೂ ಹೇಳಿದ್ದೆನೇ ಎಂದು ಕೇಳಿದೆ.

“ನೀನಾ? ನೀನು ಏನೂ ಹೇಳ್ಲಿಲ್ಲ ಅಂತ ಅಂದ್ಕೊಂಡಿ ಏನು? ಹೇಳಿದಿ,” ಅಂದಳು. “ಆತ ನಿನ್ನ ಕರದು, ನಿಂದೆಷ್ಟಪ್ಪಾ ಅಂದ. ಕೈ ಕಟ್ಕೊಂಡು ಆರು ಎರಡು ಸರ್ ಅಂದಿ. ಆಮ್ಯಾಲೇ ಆತ ನನ್ನ ಹಾಳಿ ಮ್ಯಾಲೆ ಗೀಟು ಎಳದದ್ದು.”

“ಖಾತ್ರಿ ಐತೇನು ನಿಂಗ?”

“ಲೇ, ಫೇಲಾದಾಕಿ ನಾನು. ನಂಗ ನೆನಪಿರ್ತದೋ, ನಿಂಗೋ?”

ಆಮೇಲೆ ಅವಳೇ ಕೇಳಿದಳು: “ಅಲ್ಲೇ ಮೇಷ್ಟ್ರಾಗಿಯಂತಲ್ಲ. ಆ ವಾಲ್ವ್ ಬದ್ಲಿ ಮಾಡ್ಸಿಯೇನು?”

ಗೊತ್ತಿಲ್ಲ ಅಂದೆ. ಅದು ನಿಜವಾಗಿತ್ತು. “ಗಿರಾಕಿ ಕಾಯಾಕ ಹತ್ಯಾರ,” ಎಂದು ಅವಳು ಫೋನಿಟ್ಟಳು.

ಮಾರನೆಯ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದು, ನೆಲದ ಮೇಲೆ ಬೋರಲು ಮಲಗಿ ಕೊಳವೆಗೆ ಕೈ ಹಾಕಿದೆ. ಅದಿರು ಲಾರಿಗಳ ಕೆಂಪು ಧೂಳು ಅಂಗಿಗೆಲ್ಲ ಮೆತ್ತಿತು. ವಾಲ್ವ್ ಸೋರುತ್ತಿತ್ತು. ಮುಖ್ಯಸ್ಥರ ಮೇಲಿದ್ದ ಸಿಟ್ಟಿಗೆ ಈಗ ಇನ್ನೊಬ್ಬ ಪಾಲುದಾರ ಸಿಕ್ಕಿದ್ದ. ಅವನನ್ನು ಬೈಯಲು ಯಾವ ಕೋಣೆಗೂ ನುಗ್ಗಬೇಕಾಗಿರಲಿಲ್ಲ. ಪತ್ರದಲ್ಲಿ ನನ್ನ ವಾಕ್ಯ ಹೊಡೆದುಹಾಕಿ, ಅವಳು ಹೇಳಿದ್ದನ್ನು ಹಾಗೆಯೇ ಬರೆದು, ಪ್ರಾಂಶುಪಾಲರ ಕಚೇರಿಗೆ ಕೊಟ್ಟೆ. ವಾಲ್ವನ್ನು ಬೇಕೆಂದೇ ಹಾಗೆ ಬಿಟ್ಟೆ.

ಮೊದಲ ತರಗತಿಗೆ ಸ್ಲೈಡು ತೋರಿಸಲಿಲ್ಲ. ವಿದ್ಯಾರ್ಥಿಗಳನ್ನು ನೇರ ಲ್ಯಾಬಿಗೆ ಕರೆದೊಯ್ದು, ಅಚ್ಚಾದ ಪುಸ್ತಕ ಮುಚ್ಚಿಸಿ, ಬಿಳಿ ಹಾಳೆ ಕೊಟ್ಟು ಮೋಟರ್ ಹಚ್ಚಿಸಿದೆ. ಸಂಡೂರಿನ ಹತ್ತಿರದ ಬಂಡ್ರಿಯಿಂದ ಬರುವ ರೇಣುಕಾ ಮೊದಲು ಲೆಕ್ಕ ಮುಗಿಸಿ, ಅಳುಮೋರೆ ಮಾಡಿಕೊಂಡು ಬಂದಳು.

“ತಪ್ಪು ಬಂತ್ರಿ ಸರ್. ಐದು ಮೂರು. ಪುಸ್ತಕದಾಗ ಬ್ಯಾರೆ ಐತಿ.”

“ಬಂದದ್ದು ಬರಿ. ಯಾಕ ಹಂಗ ಬಂತು ಅಂತ ಹುಡುಕು,” ಎಂದು ಕೆಳಗೆ ಸಹಿ ಹಾಕಿದೆ.

ಅವಳು ಸಹಿಯನ್ನು ನೋಡಿದಳು, ನನ್ನ ಮುಖ ನೋಡಿದಳು.

“ನೀವು ಓದೋವಾಗ ನಿಮಗೆಷ್ಟು ಬಂದಿತ್ರಿ ಸರ್?”

“ನಾನು ಅಳದಿರ್ಲಿಲ್ಲ. ಆರು ಎರಡು ಅಂತ ಬರದು ಪಾಸಾದೆ. ಅಳದಾಕಿ ಇನ್ನೊಬ್ಬಾಕಿ ಇದ್ಲು, ಆಕೀನ ಫೇಲ್ ಮಾಡಿದ್ರು.”

ಹಿಂದೆ ಯಾರೋ ತಮಾಷೆಯೆಂದು ನಕ್ಕರು. ರೇಣುಕಾ ನಗಲಿಲ್ಲ.

“ಆಕಿಗೆ ಎಷ್ಟು ಬಂದಿತ್ರಿ?”

“ನಿಂಗ ಈಗ ಬಂತಲ್ಲ,” ಅಂದೆ, “ಹೆಚ್ಚುಕಮ್ಮಿ ಅಷ್ಟ.”