ಮಗ್ಗದ ಸದ್ದು ಕಡಿಯದಂತೆ

ಬೆಟಗೇರಿಯ ಎಷ್ಟೋ ಮನೆಗಳಲ್ಲಿ ನೇಯುವವಳು ಹೆಂಡತಿ. ನೇಕಾರನೆಂಬ ಗುರುತಿನ ಚೀಟಿ ಮಾತ್ರ ಗಂಡನ ಹೆಸರಿನಲ್ಲಿ. ಇದನ್ನು ನಾನು ಪದ್ಧತಿ ಎಂದು ಕರೆಯಲಾರೆ, ಇದು ಕಳವು. ಧಾರವಾಡದಿಂದ ಬೇರ್ಪಟ್ಟು ಗದಗ ನಮ್ಮದೇ ಜಿಲ್ಲೆಯಾದ ಮೇಲೆ ಕಚೇರಿಗಳು ಹತ್ತಿರ ಬಂದವು. ಆ ಕಚೇರಿಗಳ ಕಾಗದದಲ್ಲಿ ಹೆಣ್ಣುಮಕ್ಕಳು ‘ಸಹಾಯಕಿ’ಯರಾಗಿಯೇ ಉಳಿದರು. ಚೀಟಿ ನೇಯುವವಳ ಹೆಸರಿಗೇ ಆಗಲೆಂದು, ಕೈಮಗ್ಗ ಇಲಾಖೆಯ ಅಧಿಕಾರಿಗಳ ಸಭೆಯಲ್ಲಿ ತೋರಿಸಲು ನಮ್ಮ ಮಹಿಳಾ ಸಂಘಟನೆ ಒಂದು ಕಿರುಚಿತ್ರ ಮಾಡಿತು. ಅದರ ಸಂಕಲನ ನನ್ನ ಪಾಲಿಗೆ ಬಂತು.

ಮಾತನಾಡಲು ಒಪ್ಪಿದವಳು ಒಬ್ಬಳೇ ನೇಕಾರಳು. ಮುಖ ತೋರಿಸಬಾರದು, ಕೈಗಳನ್ನಷ್ಟೇ ತೋರಿಸಬೇಕು ಎಂಬುದು ಅವಳ ಷರತ್ತು. ಮಗ್ಗವನ್ನಂತೂ ಅವಳು ನಿಲ್ಲಿಸಲೇ ಇಲ್ಲ.

“ಮಾತಾಡಕೋತ ಕುಂತ್ರ ಸೀರಿ ತಾನ ನೇಯಕೊಂತೈತೇನ್ರಿ, ಅಕ್ಕಾರ?” ಎಂದಳು. “ನಮ್ಮ ಯಜಮಾನ್ರು ಮಗ್ಗಕ್ಕ ಕುಂತ್ರ ನಿದ್ದಿ ಹೊಡೀತಾರ. ಕಾರ್ಡಿನ ಫೋಟೋದಾಗ ಅಷ್ಟ ಎಚ್ಚರ ಅದಾರ.”

ಅವಳು ಆಡಿದ ಮಾತು ದೀರ್ಘವಾಗಿತ್ತು. ಸಭೆಯಲ್ಲಿ ನಮಗೆ ದೊರೆತ ಸಮಯ ಕೆಲವೇ ನಿಮಿಷ. ಕತ್ತರಿಸದೆ ಗತಿಯಿರಲಿಲ್ಲ. ಆದರೆ ಶಿರಹಟ್ಟಿ ಕಡೆಯ ಕೂಲಿ ಹೆಣ್ಣುಮಕ್ಕಳ ಬಗ್ಗೆ ನಾವು ಹಿಂದೆ ಮಾಡಿದ್ದ ಚಿತ್ರದಲ್ಲಿ ಧ್ವನಿ ಅಲ್ಲಲ್ಲಿ ಜಿಗಿದಿತ್ತು. “ಬೇಕಾದಂಗ ಅಂಟಿಸಿ ತಂದೀರಿ” ಎಂದು ಅಧಿಕಾರಿಗಳು ಅದನ್ನು ಬದಿಗೆ ಸರಿಸಿದ್ದರು. ಇಲ್ಲಿಯೂ ಮಾತಿನ ಹಿಂದೆ ಮಗ್ಗದ ಸದ್ದು ಎಡವಿದರೆ, ಯಾರದೋ ಕೈಗೆ ಯಾರದೋ ದನಿ ಹಚ್ಚಿದ್ದಾರೆ ಎಂದು ಅವರು ಹೇಳುವುದು ಖಚಿತವಾಗಿತ್ತು. ಆಗ ಅವಳು ಸಹಾಯಕಿಯಾಗಿಯೇ ಉಳಿಯುತ್ತಿದ್ದಳು.

ಅವಳ ಮಾತಿಗೆ ಮಗ್ಗದ್ದೇ ಲಯ. ಲಾಳಿ ಓಡುವಾಗ ಮಾತು, ನೂಲನ್ನು ಬಿಗಿಸುವ ಹಣಗಿ ಬಡಿಯುವಾಗ ಬಿಡುವು. ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಧ್ವನಿಯ ತುಣುಕಿನ ಅಂಚನ್ನು ಎಳೆದರೆ ಒಂದು ಬಡಿತ ಮಾಯವಾಗುತ್ತಿತ್ತು, ಇಲ್ಲವೇ ಎರಡು ಬಡಿತ ಒಟ್ಟಿಗೆ ಬೀಳುತ್ತಿದ್ದವು. ಮೌಸನ್ನು ಪಕ್ಕಕ್ಕಿಟ್ಟೆ. ಕೀಲಿಮಣೆಯಲ್ಲಿ ‘ಎಲ್’ ಒತ್ತಿದರೆ ಧ್ವನಿ ಮುಂದೆ, ‘ಜೆ’ ಒತ್ತಿದರೆ ಹಿಂದೆ, ‘ಕೆ’ ಒತ್ತಿದರೆ ನಿಲುಗಡೆ. ‘ಕೆ’ಯನ್ನು ಹಿಡಿದುಕೊಂಡೇ ‘ಎಲ್’ ಒತ್ತಿದರೆ ಧ್ವನಿ ತೆವಳುತ್ತಾ ಸಾಗಿ ಬಡಿತದ ನೆತ್ತಿಯನ್ನು ತೋರಿಸುತ್ತಿತ್ತು. ಅಂಚನ್ನು ಆಯ್ದುಕೊಂಡು ಅಲ್ಪವಿರಾಮದ ಕೀಲಿ ಒತ್ತಿದರೆ ಅದು ಒಂದು ಫ್ರೇಮ್, ಎಂದರೆ ಚಿತ್ರದ ಒಂದೇ ಒಂದು ಚೌಕಟ್ಟಿನಷ್ಟು, ಎಡಕ್ಕೆ, ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಬಲಕ್ಕೆ ಸರಿಯುತ್ತಿತ್ತು. ಕಿವಿಗೆ ಒಂದು ಫ್ರೇಮೂ ದಪ್ಪವೇ. ಆಗ ಆಪ್ಷನ್ ಕೀಲಿಯನ್ನು ಜೊತೆಗೆ ಒತ್ತಿ ಅದಕ್ಕಿಂತ ಸಣ್ಣ ಅಳತೆಯಲ್ಲಿ ಸರಿಸುತ್ತಿದ್ದೆ. ಪ್ರತಿಯೊಂದು ಕತ್ತರಿಯನ್ನೂ ಹಣಗಿಯ ಬಡಿತದ ಮೇಲೆಯೇ ಇಟ್ಟೆ. ಬೆಸುಗೆ ಆ ಸದ್ದಿನಲ್ಲಿ ಮುಚ್ಚಿಹೋಯಿತು.

ಕೆಲವೇ ದಿನಗಳಲ್ಲಿ ನನ್ನ ಬೆರಳುಗಳು ನೋಡದೆಯೇ ಕೀಲಿಗಳ ಮೇಲೆ ಓಡಾಡತೊಡಗಿದವು. ಹೆಣ್ಣುಮಕ್ಕಳಿಗೆ ಯಂತ್ರ ಒಗ್ಗುವುದಿಲ್ಲವೆಂದು, ನಮಗೆ ಕ್ಯಾಮೆರಾ ಬಾಡಿಗೆ ಕೊಟ್ಟ ಮದುವೆ ವಿಡಿಯೊದವರು ಹೇಳಿದ್ದರು. ಅದೂ ಒಂದು ಅನ್ಯಾಯವೇ, ಇಲ್ಲಿ ದಾಖಲಿಸುತ್ತಿದ್ದೇನೆ.

ಸಭೆಗೆ ಮೊದಲು ಚಿತ್ರವನ್ನು ಆ ನೇಕಾರಳಿಗೆ ತೋರಿಸಿ ಕೇಳಿಸಿದೆ. ಅವಳ ಒಪ್ಪಿಗೆಯಿಲ್ಲದೆ ಅವಳ ಮಾತಿಗೆ ಕತ್ತರಿ ಹಾಕುವ ಹಕ್ಕು ನನಗಿರಲಿಲ್ಲ. ಹೆಡ್‌ಫೋನ್ ತೆಗೆದವಳೇ, “ನಮ್ಮ ಯಜಮಾನ್ರ ನಿದ್ದಿ ಎಲ್ಲಿ ಹೋತ್ರಿ?” ಎಂದು ಕೇಳಿದಳು.

“ಮನಿ ಮಾತು ಅಂತ ತೆಗದೇನವಾ.”

“ಅದ ಖರೆ ಮಾತು. ಹಾಕ್ರಿ ಅದನ್ನ.” ಹಾಕಿದೆ.

ಗದಗಿನ ಸಭೆಯಲ್ಲಿ ಚಿತ್ರ ಮುಗಿದಾಗ ಅಧಿಕಾರಿ, “ಎಲ್ಲಿ ಕತ್ತರಿಸೀರಿ? ಗೊತ್ತ ಆಗಲಿಲ್ಲ” ಎಂದರು. “ಭಾಳ ಕಡೆ ಕತ್ತರಿಸೇನ್ರಿ. ಮಾತು ಒಂದೂ ಬದಲಿ ಮಾಡಿಲ್ಲ” ಎಂದು ಹೇಳಿ, ಅವಳನ್ನು ಕೇಳಿಯೇ ತಂದಿದ್ದ ಪೂರ್ಣ ಧ್ವನಿಮುದ್ರಣವನ್ನೂ ಅವರ ಮೇಜಿನ ಮೇಲಿಟ್ಟೆ. ಕತ್ತರಿಸಿದ್ದನ್ನು ಮರೆಮಾಚಿ ನ್ಯಾಯ ಕೇಳಲಾಗದು. ಅವರು ಅದರಲ್ಲಿ ಒಂದಿಷ್ಟು ಕೇಳಿಸಿಕೊಂಡು, ಅವಳ ಮನೆಗೇ ಹೋಗಿ ಪರಿಶೀಲಿಸುವಂತೆ ಇಲಾಖೆಯ ಸಿಬ್ಬಂದಿಗೆ ಆದೇಶಿಸಿದರು. ಚಿತ್ರದ ಬಲದಿಂದ ಒಂದು ಕಚೇರಿ ಎದ್ದು ಬೆಟಗೇರಿಯ ಓಣಿಗೆ ನಡೆದದ್ದನ್ನು ನಾನು ಆ ದಿನ ಕಂಡೆ. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ.

ಪರಿಶೀಲನೆಗೆ ಬಂದವರು ರೂಢಿಯಂತೆ ಗಂಡನನ್ನೇ ಕರೆದು, “ನೇಕಾರ ನೀವೇನ್ರಿ?” ಎಂದು ಕೇಳಿದರು. ಅವರ ಜೊತೆ ಹೋಗಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಆತನೇ ನಕ್ಕುಬಿಟ್ಟ.

“ನಾ ಅಂಗಡಿಗೆ ಸೀರಿ ಒಯ್ಯಾಂವ್ರಿ. ನೇಯಾಕಿ ಆಕಿ. ನನ್ನ ನಿದ್ದಿ ಖಬರ ಗದಗಿಗೆಲ್ಲಾ ಮುಟ್ಟೇತಿ, ಇನ್ನ ಸುಳ್ಳ ಹೇಳಿ ಏನ ಮಾಡ್ಲಿ? ಬರಕೋರಿ ಆಕಿ ಹೆಸರ.”

ಬಂದವರು ಬರೆದುಕೊಂಡರು.